ಸಿಹಿನೀರು, ಉಪ್ಪುನೀರು ಮತ್ತು ಅವುಗಳ ಜೀವರಾಶಿ: ಕ್ಯಾಸಲ್‌ರಾಕ್‌ನಿಂದ ಕಾರವಾರದ ಅಳಿವೆಯವರೆಗೆ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಸಹ್ಯಾದ್ರಿಯ ನೆತ್ತಿಯ ಮೇಲಿರುವ ಊರು. 1961ರವರೆಗೆ ಇದು ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವೆಯ ಗಡಿಯ ರೈಲು ನಿಲ್ದಾಣವಾಗಿತ್ತು. ಆ ಗಡಿಯ ಕಾವಲು ಹೋಗಿ ದಶಕಗಳೇ ಕಳೆದವು. ಆದರೆ ಮಳೆನೀರಿನ ಗಡಿ ಈಗಲೂ ಅಲ್ಲಿಯೇ ಇದೆ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪಶ್ಚಿಮದ ಕಡಿದಾದ ಘಟ್ಟವನ್ನಿಳಿದು, ದೂಧಸಾಗರದ ಹೊಳೆಯನ್ನು ಸೇರಿ, ಗೋವೆಯ ಮಾಂಡೋವಿ ನದಿಗೆ ಹೋಗುತ್ತದೆ. ಇನ್ನೊಂದು ಪಾಲು ಪೂರ್ವದ ಇಳಿಜಾರಿನ ಹಳ್ಳಗಳ ಮೂಲಕ ಪಾಂಡರಿ ನದಿಗೆ, ಅಲ್ಲಿಂದ ಸೂಪಾ ಜಲಾಶಯಕ್ಕೆ, ಮುಂದೆ ಕಾಳಿ ನದಿಯಾಗಿ ದಾಂಡೇಲಿ, ಕೊಡಸಳ್ಳಿ, ಕದ್ರಾ ದಾಟಿ ಕಾರವಾರದ ಬಳಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ.

ಎರಡೂ ದಾರಿಯ ಕೊನೆಯಲ್ಲಿ ಸಿಹಿನೀರು ಉಪ್ಪುನೀರನ್ನು ಸಂಧಿಸುತ್ತದೆ. ಈ ಸಂಧಿಸ್ಥಾನದಲ್ಲಿ ಗೋವೆಯವರು ‘ಖಜಾನ’ ಎಂದೂ, ನಮ್ಮ ಕರಾವಳಿಯವರು ‘ಗಜನಿ’ ಎಂದೂ ಕರೆಯುವ ಭೂಮಿಯಲ್ಲಿ ತಲೆತಲಾಂತರದಿಂದ ಭತ್ತ ಬೆಳೆಯುತ್ತಾ ಬಂದಿದ್ದಾರೆ. ಸಿಹಿನೀರು ಒಳ್ಳೆಯದು, ಉಪ್ಪುನೀರು ಕೆಟ್ಟದ್ದು ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ ಮಾತ್ರ. ಪ್ರತಿಯೊಂದು ಜೀವಿಗೂ ತನಗೆ ಒಗ್ಗಿದ ಉಪ್ಪಿನ ಪ್ರಮಾಣವೊಂದಿದೆ. ಆ ಪ್ರಮಾಣ ಕಾಲತಪ್ಪಿ ಹೆಚ್ಚಿದರೂ ಕಡಿಮೆಯಾದರೂ ಹಾನಿಯೇ. ಇದನ್ನರಿಯದೆ ಮಾಡಿದ ಕೆಲಸದಿಂದ ಒಂದು ವರ್ಷದ ಬೆಳೆ ಮಾತ್ರವಲ್ಲ, ಭೂಮಿಯೇ ಕೈತಪ್ಪಿ ಹೋಗಬಹುದು.

ನೀರಿನಲ್ಲಿ ಉಪ್ಪು ಎಷ್ಟು?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಂದರೆ 10 ಲೀಟರಿನ ಒಂದು ಕೊಡದಲ್ಲಿ 350 ಗ್ರಾಂ. ಇದರಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಾವು ಊಟಕ್ಕೆ ಬಳಸುವ ಉಪ್ಪು. ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ ಇಂಥ ನೀರನ್ನೇ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಉಳಿದುದು ಮೆಗ್ನೀಸಿಯಂ, ಗಂಧಕದ ಲವಣಗಳು, ಸುಣ್ಣದಂಶ, ಪೊಟ್ಯಾಶ್ ಇತ್ಯಾದಿ.

ಲೀಟರಿಗೆ ಅರ್ಧ ಗ್ರಾಂಗಿಂತ ಕಡಿಮೆ ಲವಣವಿರುವ ನೀರನ್ನು ಸಿಹಿನೀರೆನ್ನುತ್ತಾರೆ. ಅರ್ಧ ಗ್ರಾಂನಿಂದ ಸುಮಾರು 30 ಗ್ರಾಂವರೆಗಿನದು ಸವಳು ನೀರು, ಅಂದರೆ ಅರೆ ಉಪ್ಪಿನ ನೀರು. ಘಟ್ಟದ ಹೊಳೆಗಳ ನೀರಿನಲ್ಲಿ ಲವಣಾಂಶ ಬಹಳ ಕಡಿಮೆ. ಸಾವಿರಾರು ವರ್ಷಗಳ ಭಾರಿ ಮಳೆಯಿಂದ ಅಲ್ಲಿನ ಮಣ್ಣಿನ ಲವಣಗಳು ತೊಳೆದುಹೋಗಿರುವುದೇ ಇದಕ್ಕೆ ಕಾರಣ.

ನೀರಿನ ಲವಣಾಂಶವನ್ನು ಪ್ರಯೋಗಾಲಯದಲ್ಲಿ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಉಪ್ಪು ಹೆಚ್ಚಿದಷ್ಟೂ ನೀರಿನ ಮೂಲಕ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಇದರ ಮಾನ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂಬುದು. ಹಳೆಯ ವರದಿಗಳಲ್ಲಿನ ಸೆಂಟಿಮೀಟರಿಗೆ ಇಷ್ಟು ಮಿಲಿಮೋ ಎಂಬುದೂ ಇದೇ ಅಂಕಿ. ಘಟ್ಟದ ಹೊಳೆಯ ನೀರು 0.1ರ ಆಸುಪಾಸಿನಲ್ಲಿದ್ದರೆ ಸಮುದ್ರದ ನೀರು 50ರ ಹತ್ತಿರವಿರುತ್ತದೆ.

ಇನ್ನೂ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಮೊದಲನೆಯದು ತೂಕ. ಸಾವಿರ ಲೀಟರ್ ಸಿಹಿನೀರು ಸುಮಾರು 1000 ಕಿ.ಗ್ರಾಂ ತೂಗಿದರೆ, ಅಷ್ಟೇ ಸಮುದ್ರದ ನೀರು ಸುಮಾರು 1025 ಕಿ.ಗ್ರಾಂ ತೂಗುತ್ತದೆ. ಆದ್ದರಿಂದ ಎರಡೂ ಸೇರುವಲ್ಲಿ ಸಿಹಿನೀರು ಮೇಲೆ ಹರಿಯುತ್ತದೆ. ಉಪ್ಪುನೀರು ತಳದಲ್ಲಿ ಬೆಣೆಯಂತೆ ಒಳನಾಡಿನ ಕಡೆಗೆ ನುಗ್ಗುತ್ತದೆ. ಎರಡನೆಯದು ಪ್ರಾಣವಾಯು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು. ಸಮುದ್ರದ ನೀರು ಸುಮಾರು 6.7 ಮಿಲಿಗ್ರಾಂ ಮಾತ್ರ.

ಸಮುದ್ರಕ್ಕೆ ಉಪ್ಪು ಬಂದುದು ಹೇಗೆ?

ಸಮುದ್ರಕ್ಕೆ ಉಪ್ಪನ್ನು ಒಯ್ದು ಹಾಕುವುದರಲ್ಲಿ ಸಿಹಿನೀರಿನ ಪಾಲೇ ದೊಡ್ಡದು. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗುತ್ತದೆ. ಅದು ಕಲ್ಲುಬಂಡೆಗಳನ್ನು ಕರಗಿಸಿ, ಕಣ್ಣಿಗೆ ಕಾಣದಷ್ಟು ಲವಣವನ್ನು ಹೊತ್ತು ಹರಿಯುತ್ತದೆ. ಸಮುದ್ರದಿಂದ ನೀರು ಆವಿಯಾಗಿ ಮೇಲೇರುತ್ತದೆ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಕೋಟ್ಯಂತರ ವರ್ಷಗಳ ಈ ಜಮೆಗೆ ಸಮುದ್ರತಳದ ಬಿಸಿನೀರಿನ ಬುಗ್ಗೆಗಳಿಂದಲೂ ಜ್ವಾಲಾಮುಖಿಗಳಿಂದಲೂ ಬಂದುದು ಸೇರಿದೆ.

ನದಿಯ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದಂಶ ಮುಂದು. ಸಮುದ್ರದಲ್ಲಿ ಸೋಡಿಯಂ ಮುಂದು. ನದಿ ತಂದ ಸುಣ್ಣವನ್ನು ಚಿಪ್ಪಿನ ಪ್ರಾಣಿಗಳು, ಹವಳದ ಹುಳುಗಳು ಮತ್ತು ಸೂಕ್ಷ್ಮಜೀವಿಗಳು ತಮ್ಮ ಕವಚಕ್ಕಾಗಿ ತೆಗೆದುಕೊಂಡುಬಿಡುತ್ತವೆ. ಕರಾವಳಿಯ ಅಳಿವೆಗಳಿಂದ ತೆಗೆದ ಚಿಪ್ಪಿಯನ್ನು ಸುಟ್ಟು ಮಾಡಿದ ಸುಣ್ಣ ಘಟ್ಟದ ಮೇಲಿನ ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬರುವುದು ರೈತರಿಗೆ ಗೊತ್ತಿದೆ. ಮಳೆಯು ಮಣ್ಣಿನಿಂದ ತೊಳೆದೊಯ್ದ ಸುಣ್ಣದಲ್ಲಿ ಒಂದು ಚೂರು ಹೀಗೆ ಹಿಂದಿರುಗುತ್ತದೆ.

ಜೀವಿಗಳು ಉಪ್ಪನ್ನು ನಿಭಾಯಿಸುವ ಬಗೆ

ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಹೆಸರುಕಾಳನ್ನು ಸಿಹಿನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ತೆಳುವಾದ ಪೊರೆಯ ಎರಡೂ ಬದಿಗೆ ನೀರಿದ್ದಾಗ, ಉಪ್ಪು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಸಾಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಎರಡು ನೀರುಗಳ ಜೀವಿಗಳಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಬಹುಪಾಲು ಈ ಒಂದು ನಿಯಮದಿಂದಲೇ ಹುಟ್ಟುತ್ತವೆ.

ಸಾಮಾನ್ಯ ಮೀನಿನ ರಕ್ತದ ಲವಣಾಂಶ ಸಮುದ್ರದ ನೀರಿನದರ ಸುಮಾರು ಮೂರನೆಯ ಒಂದು ಭಾಗ. ಹೊಳೆಯ ಮೀನಿನ ಸುತ್ತ ಇದಕ್ಕಿಂತ ಬಹಳ ಸಪ್ಪೆಯಾದ ನೀರಿದೆ. ಆದ್ದರಿಂದ ನೀರು ಸದಾ ಅದರ ದೇಹದೊಳಗೆ ನುಗ್ಗುತ್ತಿರುತ್ತದೆ. ಅದು ನೀರು ಕುಡಿಯುವುದು ಅತ್ಯಲ್ಪ. ಒಳಗೆ ಬಂದ ನೀರನ್ನು ತೆಳುವಾದ ಮೂತ್ರವಾಗಿ ಧಾರಾಳವಾಗಿ ಹೊರಹಾಕುತ್ತದೆ. ಕಳೆದುಹೋದ ಲವಣವನ್ನು ಕಿವಿರುಗಳ ಮೂಲಕ ಹೆಕ್ಕಿಕೊಳ್ಳುತ್ತದೆ. ಸಮುದ್ರದ ಮೀನಿನ ಪಾಡು ಇದಕ್ಕೆ ತದ್ವಿರುದ್ಧ. ಅದರ ದೇಹದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ವಿಶೇಷ ಕೋಶಗಳಿಂದ ಹೊರದೂಡುತ್ತದೆ. ಮೂತ್ರ ಬಹಳ ಕಡಿಮೆ. ಶಾರ್ಕ್ ಜಾತಿಯ ಮೀನುಗಳು ರಕ್ತದಲ್ಲಿ ಯೂರಿಯಾ ಉಳಿಸಿಕೊಂಡು ನೀರಿನ ನಷ್ಟವನ್ನು ತಡೆಯುತ್ತವೆ.

ಆದ್ದರಿಂದ ಹೊಳೆಯ ಮೀನನ್ನು ಸಮುದ್ರಕ್ಕೆ, ಸಮುದ್ರದ ಮೀನನ್ನು ಹೊಳೆಗೆ ಒಮ್ಮೆಲೇ ಬಿಟ್ಟರೆ ಸಾಮಾನ್ಯವಾಗಿ ಬದುಕಲಾರವು. ಒಂದಕ್ಕೆ ನೀರಿನ ನಡುವೆಯೇ ನೀರಡಿಕೆ. ಇನ್ನೊಂದಕ್ಕೆ ದೇಹವೆಲ್ಲ ನೀರು ತುಂಬುವ ತೊಂದರೆ.

ಎರಡು ನೀರಿನ ಎರಡು ಜೀವಲೋಕ

ಜೋಯಿಡಾ, ದಾಂಡೇಲಿಯ ಸಿಹಿನೀರಿನಲ್ಲಿ ಮಹಶೀರ್ ಮೀನು, ಕಪ್ಪೆ, ಏಡಿ ಮತ್ತು ಲೆಕ್ಕವಿಲ್ಲದಷ್ಟು ನೀರಿನ ಹುಳುಗಳಿವೆ. ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ ಮೊಸಳೆಗಳಿವೆ. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ ಮೀನುಗಳೂ ಸಿಹಿನೀರಿನವೇ. ಕಾರವಾರದ ಸಮುದ್ರದಲ್ಲಿ ತಾರ್ಲೆ, ಬಂಗಡೆ, ಶಾರ್ಕ್, ನಕ್ಷತ್ರಮೀನು ಇವೆ. ನಕ್ಷತ್ರಮೀನಿನ ಬಳಗದ ಒಂದೇ ಒಂದು ಜೀವಿಯೂ ಜಗತ್ತಿನ ಯಾವ ಹೊಳೆಯಲ್ಲಿಯೂ ಇಲ್ಲ. ಭೂಮಿಯ ಮೇಲೆ ಅತಿ ಹೆಚ್ಚು ಜಾತಿಗಳಿರುವ ಕೀಟಗಳು ಸಿಹಿನೀರಿನಲ್ಲಿ ತುಂಬಿದ್ದರೂ ತೆರೆದ ಸಮುದ್ರದಲ್ಲಿ ತೀರಾ ವಿರಳ. ಕಪ್ಪೆಯ ನುಣುಪು ಚರ್ಮ ಉಪ್ಪನ್ನು ತಾಳಲಾರದು. ಆದ್ದರಿಂದ ಸಮುದ್ರದಲ್ಲಿ ಕಪ್ಪೆಗಳಿಲ್ಲ.

ಕೆಲವು ಜೀವಿಗಳಿಗೆ ಎರಡು ನೀರೂ ಬೇಕು. ಹಾವುಮೀನು ಹೊಳೆಯಲ್ಲಿ ಬೆಳೆದು ಸಮುದ್ರಕ್ಕೆ ಹೋಗಿ ಮೊಟ್ಟೆಯಿಡುತ್ತದೆ. ಸ್ಕ್ಯಾಂಪಿ ಎಂದು ಹೆಸರಾದ ದೊಡ್ಡ ಸಿಹಿನೀರು ಸಿಗಡಿ ಹೊಳೆಯಲ್ಲಿ ಬದುಕಿದರೂ ಅದರ ಎಳೆಮರಿಗಳಿಗೆ ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರು ಬೇಕು. ಆದ್ದರಿಂದ ಇದು ಒಳನಾಡಿನ ಹೊಂಡದಲ್ಲಿ ಬೆಳೆಯುತ್ತದೆ, ಆದರೆ ಮರಿಗಳು ಅಲ್ಲಿ ಉಳಿಯುವುದಿಲ್ಲ. ಪ್ರತಿ ಬಾರಿಯೂ ಮರಿ ಉತ್ಪಾದನಾ ಕೇಂದ್ರದಿಂದ ತರಬೇಕಾಗುತ್ತದೆ. ನದಿಗೆ ಅಡ್ಡಲಾಗಿ ಕಟ್ಟೆ ಬಂದಾಗ ಇಂಥ ಸಂಚಾರಿ ಜೀವಿಗಳ ದಾರಿ ಕಡಿಯುತ್ತದೆ.

ಅಳಿವೆ: ಎರಡೂ ನೀರಿನ ಸಂಧಿ

ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಮಳೆಗಾಲದಲ್ಲಿ ನೆರೆಯ ನೀರು ಉಪ್ಪನ್ನು ಸಮುದ್ರದ ಬಾಯಿಯವರೆಗೆ ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪು ನದಿಯೊಳಗೆ ಮೇಲೇರುತ್ತದೆ. ಈ ಏರಿಳಿತವನ್ನು ತಾಳುವ ಜಾತಿಗಳು ಕಡಿಮೆ. ಆದರೆ ತಾಳಿದವು ಅಪಾರ ಸಂಖ್ಯೆಯಲ್ಲಿ ಬೆಳೆಯುತ್ತವೆ, ಏಕೆಂದರೆ ಘಟ್ಟದಿಂದ ಬಂದ ಗೋಡು ಮತ್ತು ಕೊಳೆತ ಎಲೆ ಅಲ್ಲಿ ಯಥೇಚ್ಛವಾದ ಆಹಾರ. ಸಮುದ್ರದಲ್ಲಿ ಹುಟ್ಟಿದ ಸಿಗಡಿಯ ಮರಿಗಳು ಬೆಳೆಯಲು ಅಳಿವೆಗೆ ಬರುತ್ತವೆ. ಬಳಚು ಮುಂತಾದ ಚಿಪ್ಪಿಗಳು ನೀರು ತೀರಾ ಸಪ್ಪೆಯಾದಾಗ ಚಿಪ್ಪು ಮುಚ್ಚಿ ಕೆಲವು ಕಾಲ ತಡೆದುಕೊಳ್ಳುತ್ತವೆ.

ದಡದ ಕಾಂಡ್ಲಾ ಗಿಡಗಳ ಉಪಾಯಗಳು ಬೇರೆ. ಕೆಲವು ಜಾತಿಗಳು ಬೇರಿನಲ್ಲಿಯೇ ಉಪ್ಪನ್ನು ಸೋಸಿ ನೀರನ್ನು ಮಾತ್ರ ಒಳಗೆ ಬಿಡುತ್ತವೆ. ಕೆಲವು ಎಲೆಗಳ ಗ್ರಂಥಿಗಳಿಂದ ಉಪ್ಪನ್ನು ಹೊರಸೂಸುತ್ತವೆ. ಒಣ ದಿನಗಳಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಕಾಣುತ್ತದೆ. ಗಾಳಿಯಾಡದ ಕೆಸರಿನಲ್ಲಿ ಉಸಿರಾಡಲು ಬೇರುಗಳು ಮೇಲಕ್ಕೆದ್ದಿರುತ್ತವೆ. ಗಜನಿಯ ಕಟ್ಟೆಗೆ ಅಲೆಯ ಹೊಡೆತವನ್ನು ಮೊದಲು ತಡೆಯುವುದು ಈ ಗಿಡಗಳೇ.

ಭತ್ತಕ್ಕೆ ಉಪ್ಪು ತಗುಲಿದರೆ

ಭತ್ತದ ಪೈರಿಗೆ ಉಪ್ಪಿನಿಂದ ಎರಡು ಬಗೆಯ ಹಾನಿಯಾಗುತ್ತದೆ. ಮೊದಲು, ಗದ್ದೆಯಲ್ಲಿ ನೀರಿದ್ದರೂ ಬೇರಿಗೆ ಹೀರಲಾಗದೆ ಬರಗಾಲದ ಸ್ಥಿತಿ ಉಂಟಾಗುತ್ತದೆ. ಅನಂತರ ಸೋಡಿಯಂ ಎಲೆಯಲ್ಲಿ ಶೇಖರವಾಗಿ ತುದಿ ಬಿಳುಚಿ ಒಣಗುತ್ತದೆ. ಬೀಜ ಮೊಳೆಯುವಾಗ ಮತ್ತು ತೆಂಡೆಯೊಡೆಯುವಾಗ ಪೈರು ಸ್ವಲ್ಪ ತಾಳಿಕೊಳ್ಳುತ್ತದೆ. ಎಳೆ ಸಸಿಯಾಗಿದ್ದಾಗ ಮತ್ತು ಹೂವಾಡುವಾಗ ತಾಳುವುದಿಲ್ಲ. ಹೂವಾಡುವಾಗ ಉಪ್ಪು ತಗುಲಿದರೆ ತೆನೆ ಜೊಳ್ಳಾಗುತ್ತದೆ.

ಸಾಮಾನ್ಯ ತಳಿಗಳಲ್ಲಿ ಮಣ್ಣಿನ ಸಾರದ ವಾಹಕತೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಒಂದು ಮಾನಕ್ಕೂ ಇಳುವರಿ ಸುಮಾರು ಶೇ. 12ರಂತೆ ಇಳಿಯುತ್ತದೆ, 7ರ ಸುಮಾರಿಗೆ ಅರ್ಧ ಬೆಳೆ ಹೋಗುತ್ತದೆ. ಹತ್ತಿ ಮತ್ತು ಬಾರ್ಲಿ 8ರ ಸಮೀಪದವರೆಗೂ ತಾಳುತ್ತವೆ. ಬೀನ್ಸ್ 1ಕ್ಕೇ ಸೋಲುತ್ತದೆ.

ಗಜನಿ ರೈತರು ಇದಕ್ಕೆ ಕಂಡುಕೊಂಡ ಉತ್ತರ ‘ಕಗ್ಗ’ ಭತ್ತ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಮೊದಲಾದ ಅಘನಾಶಿನಿ ದಂಡೆಯ ಗಜನಿಗಳಲ್ಲಿ ಇದು ಪರಂಪರೆಯಿಂದ ಬಂದ ತಳಿ. ಎತ್ತರವಾಗಿ ಬೆಳೆಯುವುದರಿಂದ ನೆರೆಯನ್ನೂ ತಡೆಯುತ್ತದೆ, ಉಪ್ಪನ್ನೂ ತಾಳುತ್ತದೆ. ಗೋವೆಯ ‘ಕೊರ್ಗುಟ’, ಕೇರಳದ ‘ಪೊಕ್ಕಾಳಿ’ ಇದೇ ಬಗೆಯವು. ಪೊಕ್ಕಾಳಿಯಿಂದ ಗುರುತಿಸಿದ ಉಪ್ಪು ಸಹಿಷ್ಣುತೆಯ ಅನುವಂಶಿಕ ಭಾಗವನ್ನು ಇಂದು ಹಲವು ದೇಶಗಳ ತಳಿ ವಿಜ್ಞಾನಿಗಳು ಹೊಸ ತಳಿಗಳಿಗೆ ಸೇರಿಸುತ್ತಿದ್ದಾರೆ. ರೈತರು ಉಳಿಸಿಕೊಂಡ ಬೀಜ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಇದು ಸಾಕ್ಷಿ.

ತಳಿಯಷ್ಟೇ ಮುಖ್ಯವಾದುದು ಕಾಲಕ್ರಮ. ಮುಂಗಾರಿನ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ಕರಗಿಸುತ್ತವೆ. ಇಳಿತದ ಹೊತ್ತಿಗೆ ತೂಬಿನ ಹಲಗೆ ಬಾಗಿಲು ತೆಗೆದು ಆ ನೀರನ್ನು ಹೊರಬಿಟ್ಟು, ಉಬ್ಬರದ ಹೊತ್ತಿಗೆ ಮುಚ್ಚುತ್ತಾರೆ. ಹೀಗೆ ತೊಳೆದ ಮೇಲೆ ಭತ್ತ. ಕೊಯ್ಲಾದ ಬಳಿಕ ಬಾಗಿಲು ತೆಗೆದರೆ ಉಪ್ಪುನೀರಿನೊಂದಿಗೆ ಮೀನು, ಸಿಗಡಿ ಒಳಬರುತ್ತವೆ. ಕೂಳೆ ಮತ್ತು ಹುಲ್ಲು ಕೊಳೆತು ಅವುಗಳಿಗೆ ಮೇವು. ಅವುಗಳ ಹಿಕ್ಕೆ ಮತ್ತು ಹೊಳೆಯ ಗೋಡು ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಭೂಮಿ ಆರು ತಿಂಗಳು ಸಿಹಿನೀರಿನದು, ಆರು ತಿಂಗಳು ಉಪ್ಪುನೀರಿನದು.

ಕ್ರಮ ತಪ್ಪಿದಾಗ

1990ರ ದಶಕದಲ್ಲಿ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಅನೇಕ ಗಜನಿಗಳಲ್ಲಿ ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸಿಗಡಿ ಸಾಕಣೆ ಮಾಡಲಾಯಿತು. ಅದೇ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೊಳಗಳನ್ನು ಆವರಿಸಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ವಿಧಾನಗಳನ್ನು ಬಿಟ್ಟು ಉಳಿದ ಸಿಗಡಿ ಸಾಕಣೆಯ ವಿರುದ್ಧ ತೀರ್ಪಿತ್ತಿತು. 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂದು ನೋಂದಣಿ ಕಡ್ಡಾಯವಾಯಿತು.

ಗಜನಿಯು ಒಬ್ಬೊಬ್ಬರ ಗದ್ದೆಯಾದರೂ ಕಟ್ಟೆ ಮತ್ತು ಬಾಗಿಲು ಎಲ್ಲರದು. ಒಬ್ಬರು ಮಳೆಗಾಲದಲ್ಲಿಯೂ ಉಪ್ಪುನೀರು ನಿಲ್ಲಿಸಿದರೆ ನೆರೆಯವರ ಭತ್ತಕ್ಕೂ ಉಪ್ಪು ಬಸಿಯುತ್ತದೆ. ಭತ್ತ ನಿಂತರೆ ಕಟ್ಟೆಯ ದುರಸ್ತಿ ನಿಲ್ಲುತ್ತದೆ, ಬೀಜ ಅಳಿಯುತ್ತದೆ. ಮರಳಿ ಸಾಗುವಳಿಗೆ ತರುವುದು ಕಷ್ಟವಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಶರಾವತಿಯದು. ಲಿಂಗನಮಕ್ಕಿ, ಅನಂತರ ಗೇರುಸೊಪ್ಪೆಯ ಅಣೆಕಟ್ಟೆಗಳಾದ ಮೇಲೆ ವಿದ್ಯುತ್ ಉತ್ಪಾದನೆಯ ಸಿಹಿನೀರು ಬೇಸಿಗೆಯಲ್ಲಿಯೂ ಅಳಿವೆಗೆ ಹರಿಯುತ್ತದೆ. ಹೊನ್ನಾವರದ ಬಳಿ ಹಿಂದೆ ಹೇರಳವಾಗಿದ್ದ ತಿನ್ನುವ ಚಿಪ್ಪಿಗಳು ಉಪ್ಪಿನ ಕೊರತೆಯಿಂದ ಬಹುಮಟ್ಟಿಗೆ ಕಣ್ಮರೆಯಾದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ದೊಡ್ಡ ಅಣೆಕಟ್ಟೆಗಳಿಲ್ಲದ ಅಘನಾಶಿನಿಯಲ್ಲಿ ಚಿಪ್ಪಿ ಹೆಕ್ಕುವ ಕಸುಬು ಉಳಿದುಬಂದಿದೆ. ಭತ್ತಕ್ಕೆ ಉಪ್ಪು ಹೇಗೆ ಶತ್ರುವೋ, ಚಿಪ್ಪಿಗೆ ಎಡೆಬಿಡದ ಸಿಹಿನೀರು ಹಾಗೆಯೇ ಶತ್ರು.

ರೈತರು ಗಮನಿಸಬೇಕಾದ ಅಂಶಗಳು

1. ನೀರಾವರಿ ನೀರನ್ನು ವರ್ಷಕ್ಕೆ ಎರಡು ಬಾರಿಯಾದರೂ, ಮುಖ್ಯವಾಗಿ ಏಪ್ರಿಲ್–ಮೇ ತಿಂಗಳಲ್ಲಿ, ಪರೀಕ್ಷೆ ಮಾಡಿಸಬೇಕು. ವಾಹಕತೆ 0.75ರವರೆಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 0.75ರಿಂದ 2.25ರವರೆಗಿನ ನೀರನ್ನು ಬಸಿಗಾಲುವೆಯಿರುವ ಭೂಮಿಗೆ, ಉಪ್ಪು ತಾಳುವ ಬೆಳೆಗೆ ಮಾತ್ರ ಬಳಸಬೇಕು. ಅದಕ್ಕೂ ಮೇಲಿನದನ್ನು ಬಳಸದಿರುವುದೇ ಲೇಸು.

2. ಅಳಿವೆಯ ನೀರನ್ನು ಮೇಲಿನಿಂದ ಮೊಗೆದು ಪರೀಕ್ಷಿಸಿದರೆ ಮೋಸ ಹೋಗುವ ಸಂಭವವಿದೆ. ಪಂಪಿನ ಫುಟ್‌ವಾಲ್ವ್ ಇರುವ ಆಳದಿಂದಲೇ, ಉಬ್ಬರದ ಹೊತ್ತಿನಲ್ಲಿ ಮಾದರಿ ತೆಗೆಯಬೇಕು.

3. ಲೀಟರಿಗೆ 2 ಗ್ರಾಂ ಲವಣವಿರುವ ನೀರನ್ನು ಒಂದು ಎಕರೆಗೆ 5 ಸೆಂ.ಮೀ. ನಿಲ್ಲುವಂತೆ ಹಾಯಿಸಿದರೆ ಸುಮಾರು 400 ಕಿ.ಗ್ರಾಂ ಉಪ್ಪನ್ನು ಗದ್ದೆಗೆ ಎರಚಿದಂತಾಗುತ್ತದೆ. ಇಂಥ ಹತ್ತು ನೀರಿಗೆ ನಾಲ್ಕು ಟನ್ನು. ಬಸಿದು ಹೋಗಲು ದಾರಿಯಿಲ್ಲದಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ.

4. ಸಮುದ್ರ ತೀರದ ಮರಳುಭೂಮಿಯ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆಂಬುದು ಲೆಕ್ಕ. ಪಂಪಿನಿಂದ ಒಂದು ಅಡಿ ಇಳಿಸಿದರೆ ಕಾಲಕ್ರಮದಲ್ಲಿ ಉಪ್ಪುನೀರು 40 ಅಡಿ ಮೇಲೇರಬಹುದು. ಒಮ್ಮೆಲೇ ಬತ್ತಿಸದೆ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು, ಮಳೆನೀರನ್ನು ಇಂಗಿಸಬೇಕು.

5. ಉಪ್ಪುನೀರು ನಿಂತ ಜೇಡಿಮಣ್ಣು ತೊಳೆದ ಬಳಿಕ ಗಟ್ಟಿಯಾಗಿ ನೀರಿಳಿಯದಿದ್ದರೆ ಸೋಡಿಯಂ ಹೆಚ್ಚಿದೆಯೆಂದು ಶಂಕಿಸಬಹುದು. ಮಣ್ಣು ಪರೀಕ್ಷೆಯ ನಂತರವೇ ಜಿಪ್ಸಂ ಪ್ರಮಾಣವನ್ನು ನಿರ್ಧರಿಸಬೇಕು. ಘಟ್ಟದ ಮೇಲಿನ ಹುಳಿಮಣ್ಣಿಗೆ ಬೇಕಾದುದು ಸುಣ್ಣ. ಎರಡನ್ನೂ ಒಂದೇ ಎಂದು ತಿಳಿಯಬಾರದು.

6. ಗಜನಿಯಲ್ಲಿ ನಾಲ್ಕಾರು ಒಳ್ಳೆಯ ಮಳೆಗಳ ನೀರನ್ನು ಹೊರಬಿಟ್ಟ ಮೇಲೆಯೇ ಬಿತ್ತನೆ ಮಾಡಬೇಕು. ಕಗ್ಗದ ಬೀಜವನ್ನು ಪ್ರತಿ ಊರಿನಲ್ಲಿ ಕೆಲವರಾದರೂ ಕಾಪಾಡಬೇಕು. ಕಟ್ಟೆಯ ಹೊರಗಿನ ಕಾಂಡ್ಲಾ ಗಿಡಗಳನ್ನು ಕಡಿಯಬಾರದು.

7. ಮೀನು ಅಥವಾ ಸಿಗಡಿ ಮರಿಗಳನ್ನು ತಂದ ಕೂಡಲೇ ಹೊಂಡಕ್ಕೆ ಸುರಿಯಬಾರದು. ಚೀಲಕ್ಕೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಉಪ್ಪು ಮತ್ತು ಉಷ್ಣತೆ ಎರಡೂ ಹೊಂದಿಕೊಂಡ ಬಳಿಕ ಬಿಡಬೇಕು.

ಕ್ಯಾಸಲ್‌ರಾಕ್‌ನ ಮಳೆ ಕಾರವಾರದ ಗಜನಿಯ ಉಪ್ಪನ್ನು ತೊಳೆಯುತ್ತದೆ. ಘಟ್ಟದ ಮಣ್ಣಿನ ಸಾರ ಅಳಿವೆಯ ಸಿಗಡಿಗೆ ಮೇವಾಗುತ್ತದೆ. ಆದ್ದರಿಂದ ಮೇಲಿನ ರೈತರು ಕಾಡು, ಹಳ್ಳಗಳನ್ನು ಕಾಯುವುದು ಮತ್ತು ಕೆಳಗಿನ ರೈತರು ಕಟ್ಟೆ, ಬಾಗಿಲುಗಳನ್ನು ಕಾಯುವುದು ಒಂದೇ ಕೆಲಸದ ಎರಡು ಭಾಗಗಳು. ಯಾವ ತಿಂಗಳಲ್ಲಿ, ಯಾವ ಬೆಳೆಗೆ, ಎಷ್ಟು ಉಪ್ಪು ಎಂಬುದನ್ನು ಅಳೆದು ತಿಳಿದುಕೊಂಡು ನಡೆದರೆ ಎರಡು ನೀರಿನಿಂದಲೂ ಬದುಕು ಸಾಗಿಸಬಹುದು.